ಪ್ರಸಾರಯೋಗ್ಯ ಚಿತ್ರ

ಒಂದು ವಾಕ್ಯ ಅರ್ಥವತ್ತಾಗಬೇಕಾದರೆ ಅದರಲ್ಲಿ ಆಕಾಂಕ್ಷೆ, ಯೋಗ್ಯತೆ, ಸನ್ನಿಧಿ ಎಂಬ ಮೂರು ಇರಬೇಕೆಂದು ನಮ್ಮ ಶಾಸ್ತ್ರಕಾರರು ಹೇಳಿದ್ದಾರೆ. ‘ಬೆಂಕಿಯಿಂದ ಗಿಡವನ್ನು ನೆನೆಸುತ್ತಾನೆ’ ಎಂಬಲ್ಲಿ ವ್ಯಾಕರಣದ ತಪ್ಪೇನೂ ಇಲ್ಲ, ಇಲ್ಲದಿರುವುದು ಯೋಗ್ಯತೆ. ಇಲ್ಲಿ ಯೋಗ್ಯತೆಯೆಂದರೆ ಹಿರಿಮೆಯಲ್ಲ, ಒಂದಕ್ಕೊಂದು ಹೊಂದಿಕೆ. ದೂರದರ್ಶನದ ಲೋಕದಲ್ಲಿಯೂ ‘ಪ್ರಸಾರಯೋಗ್ಯ’ ಎಂಬ ಮಾತೊಂದುಂಟು. ಯಾವ ಚಿತ್ರ ಜನರ ಕಣ್ಣಿಗೆ ಬೀಳಬಹುದು, ಯಾವುದು ಬೀಳಕೂಡದು ಎಂಬುದನ್ನು ಸುಮಾರು ಅರ್ಧ ಶತಮಾನ ಕಾಲ ತೀರ್ಮಾನಿಸಿದ ಮಾತು ಇದು. ಇದರ ಚರಿತ್ರೆ ಅಗ್ಗದ ಕ್ಯಾಮರಾ ಮತ್ತು ದುಬಾರಿ ಕ್ಯಾಮರಾಗಳ ಪೈಪೋಟಿಯ ಚರಿತ್ರೆಯೇ ಆಗಿದೆ.

1956ರ ಏಪ್ರಿಲಿನಲ್ಲಿ ಅಮೆರಿಕದ ಷಿಕಾಗೋ ನಗರದಲ್ಲಿ ಪ್ರಸಾರಕರ ಸಮ್ಮೇಳನ ನೆರೆದಿದ್ದಾಗ ಆಂಪೆಕ್ಸ್ ಕಂಪನಿಯವರು ಚಿತ್ರವನ್ನು ಟೇಪಿನ ಮೇಲೆ ಮುದ್ರಿಸುವ ಯಂತ್ರವೊಂದನ್ನು ತೋರಿಸಿದರು. ಅದನ್ನು ನಿರ್ಮಿಸಿದ ತಂಡದ ಮುಖ್ಯಸ್ಥರು ಚಾರ್ಲ್ಸ್ ಗಿನ್ಸ್‌ಬರ್ಗ್. ಮುಂದೆ ಸಿನಿಮಾ ಮಂದಿರಗಳಲ್ಲಿ ಹೆಸರು ಮನೆಮಾತಾದ ರೇ ಡಾಲ್ಬಿಯವರೂ ಆ ತಂಡದಲ್ಲಿದ್ದರು. ಟೇಪಿನ ಅಗಲ ಎರಡು ಅಂಗುಲ. ನಾಲ್ಕು ಮುದ್ರಣಶಿರಗಳುಳ್ಳ ಚಕ್ರ ನಿಮಿಷಕ್ಕೆ 14,400 ಸಲ ತಿರುಗುತ್ತಿತ್ತು. ಬೆಲೆ ಸುಮಾರು 50,000 ಡಾಲರು. ಅದೇ ವರ್ಷದ ನವೆಂಬರ್ 30ರಂದು ಸಿ.ಬಿ.ಎಸ್. ಸಂಸ್ಥೆ ತನ್ನ ಸಂಜೆಯ ವಾರ್ತೆಯನ್ನು ಈ ಟೇಪಿನಿಂದ ಪ್ರಸಾರಮಾಡಿತು. ಇಂಥ ಯಂತ್ರವನ್ನು ಕೊಳ್ಳಬಲ್ಲವರು ಪ್ರಸಾರಮಾಡಬಲ್ಲರು, ಉಳಿದವರು ನೋಡುತ್ತ ಕೂರಬೇಕು. ಅಂದಿನ ವ್ಯವಸ್ಥೆ ಇಷ್ಟು ಸರಳ.

ದೊಡ್ಡ ಟೇಪೇ ಏಕೆ ಬೇಕಾಗಿತ್ತು? ತಾಳೆಗರಿಯ ಗ್ರಂಥಗಳನ್ನು ಕಂಡವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಒಬ್ಬ ಲಿಪಿಕಾರ ಮಾಡಿದ ಪ್ರತಿಯನ್ನು ನೋಡಿ ಇನ್ನೊಬ್ಬ ಪ್ರತಿಮಾಡುತ್ತಾನೆ, ಅದನ್ನು ನೋಡಿ ಮತ್ತೊಬ್ಬ. ಪ್ರತಿಯಿಂದ ಪ್ರತಿಗೆ ಅಕ್ಷರ ಜಾರುತ್ತದೆ, ಸಾಲು ಬೀಳುತ್ತದೆ. ಹಳೆಯ ಟೇಪುಗಳ ಪಾಡೂ ಇದೇ. ಸಂಕಲನಕ್ಕೆ ಒಂದು ಪ್ರತಿ, ಶೀರ್ಷಿಕೆ ಸೇರಿಸಲು ಇನ್ನೊಂದು, ಪ್ರಸಾರಕ್ಕೆ ಮತ್ತೊಂದು. ಮೂಲ ಬಹು ಸ್ವಚ್ಛವಾಗಿದ್ದರೆ ಮಾತ್ರ ಮೂರನೆಯ ಪ್ರತಿ ನೋಡುವಂತಿರುತ್ತದೆ. ಮನೆಯ ಮಟ್ಟಿಗೆ ತೆಗೆದ ಟೇಪು ಮೊದಲ ನೋಟಕ್ಕೆ ಚೆನ್ನಾಗಿಯೇ ಕಂಡರೂ ಮೂರನೆಯ ಪ್ರತಿಯ ಹೊತ್ತಿಗೆ ಮಸುಕಾಗಿ ಹೋಗುತ್ತಿತ್ತು.

1967ರಲ್ಲಿ ಜಪಾನಿನ ಸೋನಿ ಕಂಪನಿ ಹೆಗಲಿಗೆ ನೇತುಹಾಕಿಕೊಂಡು ಒಬ್ಬನೇ ಒಯ್ಯಬಹುದಾದ ಪೋರ್ಟಾಪ್ಯಾಕ್ ಎಂಬ ಯಂತ್ರವನ್ನು ತಂದಿತು. ಟೇಪು ಅರ್ಧ ಅಂಗುಲದ್ದು. ಅದರ ಚಿತ್ರ ನಡುಗುತ್ತಿತ್ತು; ಪ್ರಸಾರಕೇಂದ್ರದ ಗಡಿಯಾರಕ್ಕೆ ಅದರ ಗೆರೆಗಳು ಹೊಂದಿಕೊಳ್ಳುತ್ತಿರಲಿಲ್ಲ. ಇಂಜಿನಿಯರುಗಳು ಅದನ್ನು ಬಾಗಿಲ ಹೊರಗೇ ನಿಲ್ಲಿಸಿದರು. 1970ರ ದಶಕದಲ್ಲಿ ಆ ನಡುಕವನ್ನು ತಿದ್ದುವ ವಿದ್ಯುನ್ಮಾನ ಉಪಕರಣಗಳು ಬಂದ ಮೇಲೆಯೇ ಬಾಗಿಲು ಸ್ವಲ್ಪ ತೆರೆದದ್ದು. 1974ರಲ್ಲಿ ಅಮೆರಿಕದ ಸಾರ್ವಜನಿಕ ದೂರದರ್ಶನ ಅರ್ಧ ಅಂಗುಲದ ಟೇಪಿನಲ್ಲಿ ತೆಗೆದ ಸಾಕ್ಷ್ಯಚಿತ್ರವನ್ನು ದೇಶಕ್ಕೆಲ್ಲ ತೋರಿಸಿತು. ಇತ್ತ ವೃತ್ತಿಪರರಿಗೂ ಹಗುರವಾದದ್ದು ಬೇಕಾಗಿತ್ತು. 1971ರ ಯು-ಮ್ಯಾಟಿಕ್, 1982ರ ಬೀಟಾಕ್ಯಾಮ್ ಅವರ ಕೈಸೇರಿದವು.

ನಮ್ಮ ನಾಡಿನ ಮಾತನ್ನೂ ಇಲ್ಲಿಯೇ ಹೇಳಬೇಕು. ಭಾರತದಲ್ಲಿ ದೂರದರ್ಶನ 1959ರ ಸೆಪ್ಟೆಂಬರ್ 15ರಂದು ದೆಹಲಿಯಲ್ಲಿ ಪ್ರಯೋಗವಾಗಿ ಆರಂಭವಾಯಿತು. 1975ರ ಆಗಸ್ಟಿನಿಂದ ಒಂದು ವರ್ಷ ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಕಾರ್ಯಕ್ರಮಗಳನ್ನು ಮುಟ್ಟಿಸಿದಾಗ ಗುಲ್ಬರ್ಗಾ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳೂ ಅವುಗಳಲ್ಲಿ ಸೇರಿದ್ದವು. ಆ ಹಳ್ಳಿಗರಿಗಾಗಿ ಕನ್ನಡ ಕಾರ್ಯಕ್ರಮಗಳು ಸಿದ್ಧವಾದದ್ದು ಎಲ್ಲಿ? ಹೈದರಾಬಾದಿನ ಕೇಂದ್ರದಲ್ಲಿ, ತೆಲುಗಿನ ಜೊತೆಯಲ್ಲಿ. ದೇಶದಲ್ಲಿ ಅಂದು ಸ್ಟುಡಿಯೋಗಳಿದ್ದುದೇ ಕೆಲವು. ಯಂತ್ರ ದುಬಾರಿಯಾದರೆ ಭಾಷೆಗಳು ಸಾಲಿನಲ್ಲಿ ಕಾಯಬೇಕಾಗುತ್ತದೆ. ತಂತ್ರಜ್ಞಾನದ ಚರಿತ್ರೆ ಬರೆಯುವವರು ಈ ಅಂಶವನ್ನು ಒತ್ತಿ ಹೇಳುವುದು ಅಪರೂಪ.

ಮನೆಗಳಿಗೆ ಕ್ಯಾಮರಾ ಬಂದದ್ದು 1980ರ ದಶಕದಲ್ಲಿ. 1983ರ ಬೀಟಾಮೂವಿ ಎಂಬುದು ಮುದ್ರಿಸಬಲ್ಲದು, ತೋರಿಸಲಾರದು: ಬರೆಯಬಲ್ಲ, ಆದರೆ ಓದಲಾರದ ಶಿಷ್ಯನಂತೆ! 1985ರಲ್ಲಿ ಎಂಟು ಮಿಲಿಮೀಟರ್ ಟೇಪು ಬಂದಿತು. ಪ್ರಸಾರಕರ ಕಣ್ಣಿನಲ್ಲಿ ಇವೆಲ್ಲ ಆಟಿಕೆಗಳು. ಆದರೆ 1991ರ ಮಾರ್ಚ್ 3ರ ರಾತ್ರಿ ಲಾಸ್ ಏಂಜಲೀಸ್ ನಗರದಲ್ಲಿ ಪೊಲೀಸರು ರಾಡ್ನಿ ಕಿಂಗ್ ಎಂಬಾತನನ್ನು ಥಳಿಸಿದುದನ್ನು ಒಬ್ಬ ನಾಗರಿಕ ತನ್ನ ಮನೆಯಿಂದಲೇ ಇಂಥ ಆಟಿಕೆಯಲ್ಲಿ ಸೆರೆಹಿಡಿದ. ಮಸುಕು ಚಿತ್ರ, ಅಲುಗುವ ಕೈ. ಸ್ಥಳೀಯ ಕೇಂದ್ರವೊಂದು ಪ್ರಸಾರಮಾಡಿದ ಆ ಚಿತ್ರವನ್ನು ಜಗತ್ತೇ ನೋಡಿತು. ಮರುವರ್ಷ ಏಪ್ರಿಲಿನಲ್ಲಿ ಆ ಪೊಲೀಸರು ನಿರ್ದೋಷಿಗಳೆಂದು ತೀರ್ಪು ಬಂದಾಗ ಎದ್ದ ಗಲಭೆಯಲ್ಲಿ 50ಕ್ಕೂ ಹೆಚ್ಚು ಜನ ಸತ್ತರು. ಗೆರೆಗಳ ಲೆಕ್ಕದಲ್ಲಿ ಆ ಚಿತ್ರ ಅಯೋಗ್ಯ. ಅದನ್ನು ತೋರಿಸದಿರುವುದು ಯೋಗ್ಯವಾಗುತ್ತಿತ್ತೆ?

1995ರಲ್ಲಿ ಅಂಕಿಗಳ ರೂಪದಲ್ಲಿ ಚಿತ್ರ ಬರೆಯುವ ಡಿ.ವಿ. ಎಂಬ ಸಣ್ಣ ಕ್ಯಾಸೆಟ್ಟು ಬಂದಿತು. ಒಂದು ತಂತಿಯ ಮೂಲಕ ಕಂಪ್ಯೂಟರಿಗೆ ಇಳಿಸಿದರೆ ನೂರನೆಯ ಪ್ರತಿಯೂ ಮೊದಲ ಪ್ರತಿಯಂತೆಯೇ ಇರುತ್ತದೆ. ಲಿಪಿಕಾರನ ದೋಷ ತೊಲಗಿತು. 1998ರಲ್ಲಿ ಡೆನ್ಮಾರ್ಕಿನ ಥಾಮಸ್ ವಿಂಟರ್‌ಬರ್ಗ್ ಅಂಗೈಯ ಡಿ.ವಿ. ಕ್ಯಾಮರಾದಲ್ಲಿ ತೆಗೆದ ‘ಫೆಸ್ಟೆನ್’ ಚಲನಚಿತ್ರ ಕಾನ್ ಉತ್ಸವದಲ್ಲಿ ತೀರ್ಪುಗಾರರ ಬಹುಮಾನವನ್ನೇ ಪಡೆಯಿತು.

ಇಷ್ಟರಲ್ಲಿ ಗೆರೆಗಳ ಸಂಖ್ಯೆಯೇ ಬದಲಾಗತೊಡಗಿತ್ತು. ನಮ್ಮ ಹಳೆಯ ದೂರದರ್ಶನದ್ದು 625 ಗೆರೆ, ಅವುಗಳಲ್ಲಿ ಕಾಣುವುದು 576. ಜಪಾನಿನ ಎನ್.ಎಚ್.ಕೆ. ಪ್ರಸಾರ ಸಂಸ್ಥೆ 1964ರಿಂದಲೇ ಸಂಶೋಧನೆ ನಡೆಸಿ 1,125 ಗೆರೆಗಳ ಚಿತ್ರವನ್ನು ರೂಪಿಸಿತು. ಇದೇ ಇಂದು ಎಚ್.ಡಿ. ಎನಿಸಿಕೊಂಡಿರುವುದರ ಮೂಲ. 1997ರಲ್ಲಿ ಸೋನಿಯವರ ಎಚ್‌ಡಿಕ್ಯಾಮ್ ಬಂದಿತು. ಕ್ಯಾಮರಾದ ಬೆಲೆ ಮಸೂರವನ್ನು ಬಿಟ್ಟು ಹತ್ತಾರು ಸಾವಿರ ಡಾಲರು. 2003ರಲ್ಲಿ ನಾಲ್ಕು ಜಪಾನೀ ಕಂಪನಿಗಳು ಸೇರಿ ಅದೇ ಡಿ.ವಿ. ಕ್ಯಾಸೆಟ್ಟಿನ ಮೇಲೆ ಎಚ್.ಡಿ. ಚಿತ್ರ ಬರೆಯುವ ಎಚ್‌ಡಿವಿ ಪದ್ಧತಿಯನ್ನು ಪ್ರಕಟಿಸಿದವು. 2004ರಲ್ಲಿ ಬಂದ ಸೋನಿ ಎಫ್‌ಎಕ್ಸ್1 ಕ್ಯಾಮರಾದ ಬೆಲೆ ಸುಮಾರು 3,700 ಡಾಲರು. ಮರುವರ್ಷದ ಎಚ್‌ಸಿ1 ಇನ್ನೂ ಅಗ್ಗ. ಎರಡೂ 1,080 ಗೆರೆಯವು. ಹಾಗಾದರೆ ಉಳಿದ ಹಣ ಯಾವುದಕ್ಕೆ ಎಂದು ಯಾರಾದರೂ ಕೇಳುವಂಥದೇ.

ಕಾರಣವಿತ್ತು. ಒಂದೊಂದು ಗೆರೆಯಲ್ಲಿಯೂ ಎಚ್‌ಡಿಕ್ಯಾಮ್ ಬರೆಯುತ್ತಿದ್ದುದು 1,440 ಚುಕ್ಕೆ, ಎಚ್‌ಡಿವಿಯೂ ಅಷ್ಟೇ. ಆದರೆ ಮೊದಲನೆಯದು ಸೆಕೆಂಡಿಗೆ ಸುಮಾರು 140 ಮೆಗಾಬಿಟ್ಟು ವೆಚ್ಚಮಾಡಿದರೆ ಎರಡನೆಯದು 25ರಲ್ಲಿಯೇ ಮುಗಿಸುತ್ತಿತ್ತು. ಈ ಮಿತವ್ಯಯದ ಉಪಾಯ ಗ್ರಂಥಸಂಪಾದಕರದೇ. ಒಂದು ಮೂಲಪಾಠವನ್ನು ಪೂರ್ಣವಾಗಿ ಅಚ್ಚುಹಾಕಿ, ಉಳಿದ ಪ್ರತಿಗಳಲ್ಲಿ ಭೇದವಿದ್ದಲ್ಲಿ ಮಾತ್ರ ಅಡಿಯಲ್ಲಿ ಪಾಠಾಂತರ ಕೊಡುತ್ತಾರಷ್ಟೆ? ಎಚ್‌ಡಿವಿಯೂ ಹನ್ನೆರಡೋ ಹದಿನೈದೋ ಚಿತ್ರಗಳಿಗೆ ಒಂದನ್ನು ಮಾತ್ರ ಇಡಿಯಾಗಿ ಬರೆದು, ಉಳಿದವುಗಳಲ್ಲಿ ಬದಲಾದುದನ್ನಷ್ಟೆ ಗುರುತಿಸುತ್ತದೆ. ಮೂಲಪಾಠದ ಹಾಳೆ ಹರಿದರೆ ಅಡಿಟಿಪ್ಪಣಿಯಿಂದ ಫಲವೇನು? ಟೇಪಿನಲ್ಲಿ ಒಂದು ಕಲೆ ಬಿದ್ದರೆ ಅರ್ಧ ಸೆಕೆಂಡಿನ ಚಿತ್ರವೇ ಕೆಡುತ್ತದೆ. ಉಪನ್ಯಾಸಕಾರ ಸುಮ್ಮನೆ ಕುಳಿತು ಮಾತನಾಡುವಾಗ ಈ ಉಪಾಯ ಸೊಗಸಾಗಿ ನಡೆಯುತ್ತದೆ. ತೇರಿನ ಮುಂದೆ ಜನಜಂಗುಳಿ, ಹರಿಯುವ ನೀರು, ಗಾಳಿಗೆ ಅಲುಗುವ ಎಲೆಗಳು ಇವುಗಳಲ್ಲಿ ಎಲ್ಲವೂ ಪಾಠಾಂತರವೇ. 25 ಮೆಗಾಬಿಟ್ಟು ಸಾಲದೆ ಚಿತ್ರ ಚೌಕ ಚೌಕವಾಗಿ ಒಡೆಯುತ್ತದೆ.

ಬೆಳಕು ಬೀಳುವ ಫಲಕದ ಮಾತೂ ಉಂಟು. ವೃತ್ತಿಪರ ಕ್ಯಾಮರಾದಲ್ಲಿ ಕೆಂಪು, ಹಸಿರು, ನೀಲಿಗಳಿಗೆ ಬೇರೆ ಬೇರೆ ಫಲಕ, ಒಂದೊಂದೂ ಮೂರನೇ ಎರಡು ಅಂಗುಲದ ವರ್ಗದ್ದು. ಎಫ್‌ಎಕ್ಸ್1ರಲ್ಲಿಯೂ ಮೂರು ಫಲಕಗಳಿದ್ದವು, ಆದರೆ ಮೂರನೇ ಒಂದು ಅಂಗುಲದವು, ಎಚ್‌ಸಿ1ರಲ್ಲಿ ಒಂದೇ. ದೊಡ್ಡ ಫಲಕದ ವಿಸ್ತೀರ್ಣ ಚಿಕ್ಕದರ ಮೂರು ಪಟ್ಟಿಗೂ ಮಿಕ್ಕದ್ದು. ಹಗಲು ಬೆಳಕಿನಲ್ಲಿ ಈ ಭೇದ ಕಾಣುವುದು ಕಷ್ಟ. ದೀಪದ ಬೆಳಕಿನ ಮದುವೆಯ ಮನೆಯಲ್ಲಿ ಚಿಕ್ಕ ಕ್ಯಾಮರಾದ ಕಪ್ಪು ಬಣ್ಣದ ಮೇಲೆಲ್ಲ ರವೆ ಚೆಲ್ಲಿದಂತೆ ಚುಕ್ಕೆಗಳು ಕುಣಿಯುತ್ತವೆ. ಪ್ರಸಾರದ ದಾರಿಯಲ್ಲಿ ಚಿತ್ರವನ್ನು ಪುನಃ ಪುನಃ ಕುಗ್ಗಿಸುತ್ತಾರೆ. ಆಗ ಈ ಚುಕ್ಕೆಗಳೇ ಬಿಟ್ಟುಗಳನ್ನೆಲ್ಲ ನುಂಗಿ ಮುಖಕ್ಕೆ ಉಳಿಸುವುದಿಲ್ಲ.

ಆದ್ದರಿಂದ ಬ್ರಿಟನ್ನಿನ ಬಿ.ಬಿ.ಸಿ. ತನ್ನ ಎಚ್.ಡಿ. ಕಾರ್ಯಕ್ರಮಗಳಲ್ಲಿ ಎಚ್.ಡಿ. ಅಲ್ಲದ ಚಿತ್ರ ಶೇಕಡಾ 25ನ್ನು ಮೀರಕೂಡದೆಂದು ನಿಯಮ ಮಾಡಿದಾಗ ಎಚ್‌ಡಿವಿಯನ್ನು ಆ ‘ಅಲ್ಲದ’ ಪಂಕ್ತಿಯಲ್ಲಿಯೇ ಕೂರಿಸಿತು. ಹೆಸರಿನಲ್ಲಿ ಎಚ್.ಡಿ. ಇದ್ದರೂ ಮಾನ್ಯತೆಯಿಲ್ಲ! ಕೊಂಡವರಿಗೆ ಸಿಟ್ಟು ಬಂದದ್ದು ಸಹಜ. ಆದರೆ ಇಂಜಿನಿಯರುಗಳದು ಬರಿಯ ಜಂಬವೆಂದು ನಾನು ಒಪ್ಪಲಾರೆ. ಅವರು ಅಳತೆ ಮಾಡಿ ಹೇಳಿದ್ದರು. ತಪ್ಪು ಇದ್ದದ್ದು ಎಲ್ಲಕ್ಕೂ ಒಂದೇ ಅಳತೆ ಹಿಡಿದದ್ದರಲ್ಲಿ. ಅದೂ ಕ್ರಮೇಣ ತಿದ್ದಿತು: 2010ರ ದಶಕದಲ್ಲಿ ಬಳಕೆಗೆ ಬಂದ ಯುರೋಪಿನ ಪ್ರಸಾರಕರ ಒಕ್ಕೂಟದ ಆರ್ 118 ಎಂಬ ಶಿಫಾರಸು ಕ್ಯಾಮರಾಗಳನ್ನು ದರ್ಜೆಗಳಾಗಿ ವಿಂಗಡಿಸಿ, ದೀರ್ಘ ಕಾರ್ಯಕ್ರಮಕ್ಕೆ ಬೇರೆ, ಪತ್ರಿಕೋದ್ಯಮಕ್ಕೆ ಬೇರೆ ಅಳತೆಯನ್ನು ಇಟ್ಟಿತು. ನೈಯಾಯಿಕರು ಹೇಳಿದ ಯೋಗ್ಯತೆ ಇದೇ ಅಲ್ಲವೆ?

2007ರ ಸೆಪ್ಟೆಂಬರಿನಲ್ಲಿ ಬರ್ಮಾದ ಭಿಕ್ಷುಗಳು ಸೇನಾಡಳಿತಕ್ಕೆ ಎದುರಾಗಿ ಬೀದಿಗಿಳಿದಾಗ ಹೆಗಲ ಮೇಲೆ ದೊಡ್ಡ ಕ್ಯಾಮರಾ ಹೊತ್ತವನು ಹತ್ತು ಹೆಜ್ಜೆ ಹೋಗುವಂತಿರಲಿಲ್ಲ. ಚೀಲದಲ್ಲಿ ಅಡಗಿಸಿಟ್ಟ ಅಂಗೈಯ ಕ್ಯಾಮರಾಗಳಲ್ಲಿ ಗುಪ್ತ ವರದಿಗಾರರು ತೆಗೆದ ಚಿತ್ರಗಳು ನಾರ್ವೆಯ ಓಸ್ಲೋದಲ್ಲಿದ್ದ ಅವರ ಕೇಂದ್ರಕ್ಕೆ ಸೇರಿ, ಅಲ್ಲಿಂದ ಜಗತ್ತಿನ ದೊಡ್ಡ ಪ್ರಸಾರಸಂಸ್ಥೆಗಳನ್ನು ಮುಟ್ಟಿದವು. ಅಂದು ಯಾರೂ ಮೆಗಾಬಿಟ್ಟುಗಳನ್ನು ಎಣಿಸಲಿಲ್ಲ. ಆ ಚಿತ್ರಗಳಿಂದಲೇ 2008ರಲ್ಲಿ ‘ಬರ್ಮಾ ವಿಜೆ’ ಎಂಬ ಸಾಕ್ಷ್ಯಚಿತ್ರ ಸಿದ್ಧವಾಯಿತು.

ಈಗ ದೂರವಾಣಿಯ ಕ್ಯಾಮರಾ ಸಹ ಇದಕ್ಕಿಂತ ಹೆಚ್ಚು ಚುಕ್ಕೆಗಳನ್ನು ಬರೆಯುತ್ತದೆ. ಟೇಪಿನ ಕಾಲ ಮುಗಿಯಿತು. ಬೀಟಾಕ್ಯಾಮ್ ಕ್ಯಾಸೆಟ್ಟಿನ ಮಾರಾಟವನ್ನೂ ಸೋನಿ 2016ರಲ್ಲಿ ನಿಲ್ಲಿಸಿತು. ವಾಚಕರ ಮನೆಯ ಬೀರುವಿನಲ್ಲಿ ಮದುವೆಯದೋ ನಾಮಕರಣದ್ದೋ ಡಿ.ವಿ. ಕ್ಯಾಸೆಟ್ಟುಗಳಿದ್ದರೆ, ಅವುಗಳನ್ನು ಓಡಿಸಬಲ್ಲ ಕ್ಯಾಮರಾ ಇನ್ನೂ ಚಾಲೂ ಇರುವಾಗಲೇ ಕಂಪ್ಯೂಟರಿಗೆ ಇಳಿಸಿಕೊಳ್ಳುವುದು ಲೇಸು. ಆ ತಂತಿಯನ್ನು ಸಿಕ್ಕಿಸುವ ಜಾಗ ಹೊಸ ಕಂಪ್ಯೂಟರುಗಳಲ್ಲಿ ಇರುವುದಿಲ್ಲ, ಹಳೆಯದೊಂದನ್ನು ಹುಡುಕಬೇಕಾದೀತು.