ಮುಂದೆ ಓಡಿದ ನಲ್ಲಿ, ಹಿಂದುಳಿದ ಮೋರಿ

ಕೂಟಗಲ್ ಸೇರಿದಂತೆ ರಾಮನಗರದ ಸುತ್ತಮುತ್ತ ನೆಲದಡಿ ಇರುವುದು ಕ್ಲೋಸ್‌ಪೇಟೆ ಗ್ರಾನೈಟ್. ಈ ಬಂಡೆಯಲ್ಲಿ ನೀರು ನಿಲ್ಲುವುದು ಬಿರುಕುಗಳಲ್ಲಿ ಮಾತ್ರ. ಒಂದು ಹೊಲದಲ್ಲಿ ಬೋರು ಉಕ್ಕಿದರೆ ಪಕ್ಕದ ಹೊಲದಲ್ಲಿ ಬರೀ ದೂಳು. ಈ ಸೀಮೆಯ ನೀರು, ನೈರ್ಮಲ್ಯ ಎರಡರ ಚರಿತ್ರೆಯನ್ನೂ ಈ ಬಂಡೆಯಿಂದಲೇ ಓದಬೇಕು.

ಇಲ್ಲಿನ ದೊಡ್ಡ ಯೋಜನೆಗಳು ಮೊದಲು ಬಂದದ್ದು ಬೆಂಗಳೂರಿಗಾಗಿ. 1933ರಲ್ಲಿ ಮಾಗಡಿ ತಾಲ್ಲೂಕಿನಲ್ಲಿ ತಿಪ್ಪಗೊಂಡನಹಳ್ಳಿ ಜಲಾಶಯ ಎದ್ದಿತು. 1974ರಿಂದ ತೊರೆಕಾಡನಹಳ್ಳಿಯ ಕಾವೇರಿ ನೀರು ಹಾರೋಹಳ್ಳಿಯ ಪಂಪುಗಳನ್ನು ದಾಟಿ ರಾಜಧಾನಿಗೆ ಏರತೊಡಗಿತು. ಅತ್ತಲಿಂದ ಇತ್ತ ಹರಿದದ್ದು ನಗರದ ಕೊಳಚೆ: ವೃಷಭಾವತಿ ಅದನ್ನು ಬೈರಮಂಗಲ ಕೆರೆಗೆ ತಂದು, ಮುಂದೆ ಅರ್ಕಾವತಿಗೆ ಸೇರಿಸುತ್ತಿದೆ.

ಹಳ್ಳಿಗಳಿಗೆ ಸೇದುವ ಬಾವಿ, ಕಟ್ಟೆಗಳೇ ಗತಿಯಾಗಿದ್ದವು. 1983ರ ಬಳಿಕ ಗ್ರಾಮೀಣಾಭಿವೃದ್ಧಿ ಸಚಿವ ಅಬ್ದುಲ್ ನಜೀರ್ ಸಾಬ್ ರಾಜ್ಯದ ಊರೂರಿಗೂ ಕೊಳವೆಬಾವಿ ಕೊರೆಸಿ ‘ನೀರ್ ಸಾಬ್’ ಎನಿಸಿಕೊಂಡರು. ಕೈಪಂಪಿನ ಹಿಂದೆ ಮೋಟಾರು, ತೊಂಬೆ, ಓವರ್‌ಹೆಡ್ ಟ್ಯಾಂಕು ಬಂದವು. ಕರೆಂಟು ಬಂದ ಹೊತ್ತಿಗೆ ಮೋಟಾರು ಹಾಕಿ, ಮೇಲಿನ ಬೀದಿಯ ವಾಲ್ವ್ ಮುಚ್ಚಿ ಕೆಳಗಿನ ಬೀದಿಯದನ್ನು ತಿರುಗಿಸುವ ವಾಟರ್‌ಮನ್ ಪಂಚಾಯಿತಿಯ ಅತಿ ಮುಖ್ಯ ನೌಕರನಾದ. ಬೋರು ಆಳಕ್ಕೆ ಇಳಿದಂತೆ ಫ್ಲೋರೈಡಿನ ಕಾಟವೂ ಸೇರಿಕೊಂಡು, ಶುದ್ಧ ನೀರಿನ ಘಟಕಗಳು ಬಂದವು. ನಾಣ್ಯ ಹಾಕಿದರೆ 20 ಲೀಟರಿನ ಕ್ಯಾನು ತುಂಬುತ್ತದೆ. ಶೋಧಿಸಿ ಉಳಿದ ಗಡಸು ನೀರು ಮೋರಿಗೆ ಹೋಗುತ್ತದೆ.

ನೈರ್ಮಲ್ಯದ್ದು ನಿಧಾನದ ನಡೆ. 1970ರ ದಶಕದಲ್ಲಿ ರಾಜ್ಯದ ಸಚಿವರಾಗಿದ್ದ ಬಿ. ಬಸವಲಿಂಗಪ್ಪ ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದರು. ಮನೆಮನೆಗೆ ಶೌಚಾಲಯ ಎಂಬುದು ಬಿರುಸಾದದ್ದು 2014ರ ಸ್ವಚ್ಛ ಭಾರತದಿಂದ. 2018ರಲ್ಲಿ ಗ್ರಾಮೀಣ ಕರ್ನಾಟಕ ಬಯಲು ಶೌಚಮುಕ್ತ ಎಂಬ ಘೋಷಣೆಯೂ ಆಯಿತು. ಗುಂಡಿ ತುಂಬಿದ ಮೇಲೇನು ಎಂಬುದಕ್ಕೆ ಮಾತ್ರ ಇನ್ನೂ ಅಷ್ಟೇ ಗಟ್ಟಿಯಾದ ಏರ್ಪಾಡಿಲ್ಲ.

 

2019ರ ಜಲಜೀವನ್ ಮಿಷನ್ನಿನ ಗುರಿ ತಲೆಗೆ ದಿನಕ್ಕೆ 55 ಲೀಟರ್. ಐದು ಜನರ ಮನೆಗೆ 275 ಲೀಟರ್ ಬಂದರೆ, ಅದರಲ್ಲಿ ಹೆಚ್ಚಿನ ಪಾಲು ಬಚ್ಚಲಿಂದ, ಪಾತ್ರೆ ತೊಳೆಯುವ ಕಲ್ಲಿನಿಂದ ಹೊರಗೆ ಬರುತ್ತದೆ. ನರೇಗಾದಡಿ ತೋಡಿದ ಬಚ್ಚಲು ಗುಂಡಿ ಮಣ್ಣು ಆಳವಿರುವ ಕಡೆ ಇದನ್ನು ಇಂಗಿಸುತ್ತದೆ. ಹಾಸುಬಂಡೆ ಮೇಲೇ ಇರುವ ಕಡೆ ಉಕ್ಕಿ ಬೀದಿಗಿಳಿಯುತ್ತದೆ. ಶೌಚಗುಂಡಿಯ ನೈಟ್ರೇಟು ಬಂಡೆಯ ಬಿರುಕು ಹಿಡಿದು ಬೋರಿಗೂ ಇಳಿಯಬಲ್ಲದು. ಆದ್ದರಿಂದ ನಲ್ಲಿಗೆ ಒಂದು ಲೆಕ್ಕ, ಮೋರಿಗೆ ಇನ್ನೊಂದು ಲೆಕ್ಕ ಎಂಬ ರೂಢಿ ಈ ನೆಲಕ್ಕೆ ಹೊಂದುವುದಿಲ್ಲ. ಪೈಪಿನ ಅಂದಾಜುಪಟ್ಟಿ ಬರೆಯುವಾಗಲೇ ಬಳಸಿದ ನೀರು ಎಲ್ಲಿ ಇಂಗಬೇಕು, ಗುಂಡಿಯನ್ನು ಯಾರು ಖಾಲಿ ಮಾಡಬೇಕು ಎಂಬುದನ್ನೂ ಗ್ರಾಮಸಭೆ ಬರೆಸಿಕೊಳ್ಳಬೇಕು.