ಹವ್ಯಾಸಿ ಕ್ರೀಡಾ ಮಂಡಳಗಳು, ಆಟಗಾರರ ಸಂಭಾವನೆ ಮತ್ತು ಪ್ರತಿಭೆಯ ವಲಸೆ: ಕೊಲ್ಹಾಪುರ, ಇಚಲಕರಂಜಿ, ಗಡಹಿಂಗ್ಲಜ

ಕನ್ನಡ ಶಾಲೆಯ ಮೈದಾನದಲ್ಲಿ ಚೆನ್ನಾಗಿ ಆಡುವ ಹುಡುಗನ ಮನೆಗೆ ಒಂದು ಸಂಜೆ ಪೇಠೆಯ ಮಂಡಳದವರು ಬರುತ್ತಾರೆ. ಬೂಟು ಕೊಡುತ್ತೇವೆ, ಜರ್ಸಿ ಕೊಡುತ್ತೇವೆ, ಪಂದ್ಯಕ್ಕೆ ಇಷ್ಟು ಎಂದು ಕೈಗೆ ಕೊಡುತ್ತೇವೆ ಎನ್ನುತ್ತಾರೆ. ಮರುದಿನ ಪಾಲಕರು ಶಾಲೆಗೆ ಬಂದು, ಕಳಿಸಬೇಕೋ ಬೇಡವೋ ಎಂದು ಶಿಕ್ಷಕರಾದ ನಮ್ಮನ್ನು ಕೇಳುತ್ತಾರೆ. ಈ ಪ್ರಶ್ನೆಗೆ ಒಂದೇ ಮಾತಿನ ಉತ್ತರವಿಲ್ಲ. ಆ ಹಣ ಯಾವ ಬಗೆಯದು, ಅದರ ಬದಲಿಗೆ ಮಗು ಏನನ್ನು ಕೊಡುತ್ತಿದೆ, ಮಂಡಳದ ಹೊಣೆ ಎಲ್ಲಿಯವರೆಗೆ ಎಂಬುದನ್ನು ತಿಳಿದ ಮೇಲೆಯೇ ಉತ್ತರ ಹೇಳಲು ಸಾಧ್ಯ. ಆ ತಿಳಿವಳಿಕೆಯನ್ನು ಒಂದೆಡೆ ಒದಗಿಸುವುದು ಈ ಲೇಖನದ ಉದ್ದೇಶ.

ಹವ್ಯಾಸಿ ಎಂದರೆ ಯಾರು?

ಫುಟ್ಬಾಲಿನ ಜಾಗತಿಕ ಸಂಸ್ಥೆಯಾದ ಫಿಫಾ ಇದಕ್ಕೆ ಸ್ಪಷ್ಟ ಗೆರೆ ಎಳೆದಿದೆ. ಸಂಘದೊಡನೆ ಲಿಖಿತ ಕರಾರು ಮಾಡಿಕೊಂಡು, ಆಟಕ್ಕಾಗಿ ತಾನು ಮಾಡುವ ಖರ್ಚಿಗಿಂತ ಹೆಚ್ಚಿನ ಹಣ ಪಡೆಯುವವನು ವೃತ್ತಿಪರ, ಉಳಿದವರೆಲ್ಲರೂ ಹವ್ಯಾಸಿಗಳು. ಹಾಗಾಗಿ ಪ್ರಯಾಣ, ಊಟ, ಬೂಟುಗಳ ಖರ್ಚನ್ನು ಸಂಘ ತುಂಬಿಕೊಟ್ಟರೆ ಆಟಗಾರನ ಹವ್ಯಾಸಿತನಕ್ಕೆ ಧಕ್ಕೆಯಿಲ್ಲ.

ತೊಡಕು ಇರುವುದು ಈ ಎರಡರ ನಡುವಿನ ಸ್ಥಿತಿಯಲ್ಲಿ. ಖರ್ಚಿಗಿಂತ ಹೆಚ್ಚು ಹಣ ಕೈಸೇರುತ್ತದೆ, ಆದರೆ ಕಾಗದವಿಲ್ಲ. ಅಂಥ ಆಟಗಾರನಿಗೆ ವೃತ್ತಿಪರನ ರಕ್ಷಣೆಯೂ ಇಲ್ಲ, ಹವ್ಯಾಸಿಯ ಸ್ವಾತಂತ್ರ್ಯವೂ ಇಲ್ಲ. ಹಣ ಕೊಟ್ಟವರ ಮಾತು ಮೀರುವಂತಿಲ್ಲ, ಪೆಟ್ಟಾದರೆ ಕೇಳುವವರಿಲ್ಲ.

ಮುರಿದ ದಿನದ ಕೂಲಿ: ರಗ್ಬಿ ಕಲಿಸಿದ ಪಾಠ

ಈ ವಾದ ಮೊದಲು ದೊಡ್ಡದಾಗಿ ನಡೆದದ್ದು ಇಂಗ್ಲೆಂಡಿನ ರಗ್ಬಿ ಆಟದಲ್ಲಿ. ಉತ್ತರದ ಯಾರ್ಕ್‌ಶೈರ್ ಮತ್ತು ಲ್ಯಾಂಕಶೈರ್ ಭಾಗಗಳ ಆಟಗಾರರಲ್ಲಿ ಗಿರಣಿ ಮತ್ತು ಗಣಿ ಕಾರ್ಮಿಕರು ಬಹಳ ಮಂದಿ. ಶನಿವಾರದ ಪಂದ್ಯಕ್ಕೆ ಹೋದರೆ ಅಂದಿನ ಕೂಲಿ ಮುರಿಯುತ್ತಿತ್ತು. ಮುರಿದ ಕೂಲಿಯನ್ನು ಸಂಘ ತುಂಬಿಕೊಡಲಿ ಎಂದು ಯಾರ್ಕ್‌ಶೈರಿನವರು 1893ರಲ್ಲಿ ರಗ್ಬಿ ಒಕ್ಕೂಟದ ಸಭೆಯಲ್ಲಿ ಕೇಳಿದರು. ಕೂಲಿಯ ಚಿಂತೆಯಿಲ್ಲದ ಉಳ್ಳವರ ಕೈಯಲ್ಲಿದ್ದ ಒಕ್ಕೂಟ ಅದನ್ನು ತಳ್ಳಿಹಾಕಿತು. 1895ರ ಆಗಸ್ಟ್ 29ರಂದು ಹಡರ್ಸ್‌ಫೀಲ್ಡ್ ಪಟ್ಟಣದ ಜಾರ್ಜ್ ಹೋಟೆಲಿನಲ್ಲಿ ಸೇರಿದ ಉತ್ತರದ ಸಂಘಗಳು ಒಕ್ಕೂಟದಿಂದ ಹೊರಬಂದು ನಾರ್ದರ್ನ್ ಯೂನಿಯನ್ ಕಟ್ಟಿಕೊಂಡವು. ಅಲ್ಲಿ ಒಪ್ಪಿತವಾದ ಪರಿಹಾರ ದಿನಕ್ಕೆ ಆರು ಶಿಲಿಂಗ್ ಮಾತ್ರ. 1898ರಲ್ಲಿ ಆ ಯೂನಿಯನ್ ಸಂಭಾವನೆಯನ್ನು ಪೂರ್ತಿಯಾಗಿ ಒಪ್ಪಿಕೊಂಡಿತು. ಆದರೆ ಆಟಗಾರನಿಗೆ ಬೇರೊಂದು ದುಡಿಮೆ ಇರಲೇಬೇಕೆಂದು ನಿಯಮ ಮಾಡಿತು. ಹಳೆಯ ಒಕ್ಕೂಟದ ರಗ್ಬಿ ಹಣವನ್ನು ಬಹಿರಂಗವಾಗಿ ಒಪ್ಪಿದ್ದು ಸರಿಯಾಗಿ ನೂರು ವರ್ಷಗಳ ನಂತರ, 1995ರ ಆಗಸ್ಟಿನಲ್ಲಿ.

ಅಂದರೆ ಜಗಳದ ಮೂಲದಲ್ಲಿದ್ದ ಪ್ರಶ್ನೆ ಸಂಬಳದ್ದಲ್ಲ, ಆಟಕ್ಕಾಗಿ ಕಳೆದುಕೊಂಡ ಕೂಲಿಯದು. ನಮ್ಮ ಮೂರೂ ಊರುಗಳನ್ನು ನೋಡುವಾಗ ಈ ಮಾತನ್ನು ನೆನಪಿನಲ್ಲಿ ಇಟ್ಟುಕೊಳ್ಳಬೇಕು.

ಕೊಲ್ಹಾಪುರ: ಖುರಾಕಿನಿಂದ ಕರಂಡಕದವರೆಗೆ

ಕೊಲ್ಹಾಪುರದಲ್ಲಿ ಆಟಗಾರನನ್ನು ಸಾಕುವ ಪದ್ಧತಿ ರಾಜಾಶ್ರಯದ ಕಾಲದ್ದು. 1894ರಿಂದ 1922ರವರೆಗೆ ಆಳಿದ ಛತ್ರಪತಿ ಶಾಹೂ ಮಹಾರಾಜರು ಪೈಲ್ವಾನರಿಗೆ ತಾಲೀಮು, ವಸತಿ, ಖುರಾಕುಗಳ ಏರ್ಪಾಡು ಮಾಡಿದರು. ಖಾಸಬಾಗ್ ಕುಸ್ತಿ ಮೈದಾನ 1912ರಲ್ಲಿ ಸಿದ್ಧವಾಯಿತು. ಹಾಲು, ತುಪ್ಪ, ಬಾದಾಮಿ, ಇರಲೊಂದು ಜಾಗ, ಕಲಿಸಲೊಬ್ಬ ವಸ್ತಾದ: ಪೈಲ್ವಾನನಿಗೆ ಇದೇ ಸಂಭಾವನೆಯಾಗಿತ್ತು. ಈ ವ್ಯವಸ್ಥೆ ಕನ್ನಡ ನೆಲದ ಹುಡುಗರನ್ನೂ ಸೆಳೆಯಿತು. 1959ರಲ್ಲಿ ಮೊದಲ ಹಿಂದ್ ಕೇಸರಿಯಾದ ಶ್ರೀಪತಿ ಖಂಚನಾಳೆಯವರು ಚಿಕ್ಕೋಡಿ ಸೀಮೆಯ ಯಕ್ಸಂಬಾದವರು. ಕೊಲ್ಹಾಪುರದ ತಾಲೀಮಿನಲ್ಲಿ ಬೆಳೆದು ಅಲ್ಲಿಯೇ ನೆಲೆಸಿದರು.

ರಾಜಾಶ್ರಯ ಹೋದ ಮೇಲೆ ಆ ಭಾರ ಹೊತ್ತವರು ಜನರು. ರಾಜಾರಾಮ ಕಾಲೇಜಿನ ವಿದ್ಯಾರ್ಥಿಯಾಗಿದ್ದ ಖಾಶಾಬಾ ಜಾಧವ್ 1948ರ ಲಂಡನ್ ಒಲಿಂಪಿಕ್ಸ್‌ಗೆ ಹೋದದ್ದು ಕೊಲ್ಹಾಪುರದ ಮಹಾರಾಜರ ನೆರವಿನಿಂದ. 1952ರಲ್ಲಿ ಅವರು ಹೆಲ್ಸಿಂಕಿಗೆ ಹೊರಟಾಗ ಅದೇ ಕಾಲೇಜಿನ ಪ್ರಾಚಾರ್ಯ ಖರ್ಡೇಕರರು ತಮ್ಮ ಮನೆಯನ್ನು ಅಡವಿಟ್ಟು 7,000 ರೂಪಾಯಿ ಒದಗಿಸಿದರು. ಜಾಧವ್ ಕಂಚಿನೊಡನೆ ಮರಳಿದರು. ಸ್ವತಂತ್ರ ಭಾರತದ ಮೊದಲ ವೈಯಕ್ತಿಕ ಒಲಿಂಪಿಕ್ ಪದಕ ಅದು. ಆದರೆ ಜೀವನಕ್ಕೆ ಆಧಾರವಾದದ್ದು ಪದಕವಲ್ಲ, 1955ರಲ್ಲಿ ದೊರೆತ ಪೊಲೀಸ್ ನೌಕರಿ.

ಇಂದಿನ ಕೊಲ್ಹಾಪುರದಲ್ಲಿ ಈ ಪರಂಪರೆಯ ವಾರಸುದಾರ ಆಟ ಫುಟ್ಬಾಲ್. ಪಾಟಾಕಡೀಲ್ ತಾಲೀಮ್ ಮಂಡಳ, ದಿಲಬಹಾರ್ ತಾಲೀಮ್, ಬಾಲಗೋಪಾಲ ತಾಲೀಮ್, ಖಂಡೋಬಾ ತಾಲೀಮ್ ಎಂಬ ತಂಡಗಳ ಹೆಸರಿನಲ್ಲಿಯೇ ಗರಡಿ ಉಳಿದಿದೆ. ಶಿವಾಜಿ ತರುಣ ಮಂಡಳ, ಪ್ರ್ಯಾಕ್ಟೀಸ್ ಕ್ಲಬ್‌ನಂಥ ತಂಡಗಳೂ ಸೇರಿ ಕೊಲ್ಹಾಪುರ ಸ್ಪೋರ್ಟ್ಸ್ ಅಸೋಸಿಯೇಷನ್‌ನ ಆಶ್ರಯದಲ್ಲಿ ಛತ್ರಪತಿ ಶಾಹೂ ಸ್ಟೇಡಿಯಂನಲ್ಲಿ ಆಡುತ್ತವೆ. ಒಂದೊಂದು ತಂಡದ ಹಿಂದೆ ಒಂದೊಂದು ಪೇಠೆಯ ಅಭಿಮಾನವಿದೆ. ಕರಂಡಕ ಗೆಲ್ಲುವ ಹಂಬಲ ಬೆಳೆದಂತೆ ಹೊರಗಿನ ಆಟಗಾರರನ್ನು, ಆಫ್ರಿಕಾದ ದೇಶಗಳವರನ್ನು ಸಹ, ಕರೆತರುವ ರೂಢಿಯೂ ಬಂದಿತು. ಆಟದ ಮಟ್ಟ ಏರಿತೆಂಬುದು ನಿಜ. ಆದರೆ ದಾನಿಗಳ ವಂತಿಗೆಯಿಂದ ನಡೆಯುವ ಮಂಡಳದ ಹಣ ಹೊರಗಿನ ಒಬ್ಬನಿಗೆ ಹೋದಾಗ ಹದಿನಾರರ ಒಳಗಿನ ಹುಡುಗರ ತರಬೇತಿಗೆ ಉಳಿಯುವುದು ಕಡಿಮೆ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಎಂಬ ಮಾತು ಆಗ ನಿಜವಾಗುತ್ತದೆ.

ಇಚಲಕರಂಜಿ: ಮಗ್ಗದ ಪಾಳಿ ಮತ್ತು ಕಬಡ್ಡಿಯ ಅಂಗಳ

ಇಚಲಕರಂಜಿಗೆ ಮೊದಲ ವಿದ್ಯುತ್ ಮಗ್ಗ ಬಂದದ್ದು 1904ರಲ್ಲಿ. ಇಂದು ಊರಿನ ಜೀವನವೇ ಮಗ್ಗದ ಪಾಳಿಯ ಮೇಲೆ ನಿಂತಿದೆ. ಕೂಲಿಗಾಗಿ ಬಂದು ನೆಲೆಸಿದ ಕನ್ನಡ ಕುಟುಂಬಗಳೂ ಇಲ್ಲಿವೆ. ಇಲ್ಲಿನ ಕಬಡ್ಡಿ, ಖೊ-ಖೊ ಆಟಗಾರನಿಗೂ ಹಡರ್ಸ್‌ಫೀಲ್ಡಿನ ನೇಕಾರನಿಗೂ ಕಷ್ಟ ಒಂದೇ. ನೇಯ್ದ ಬಟ್ಟೆಯ ಅಳತೆಗೆ ಕೂಲಿ ಸಿಗುವ ಕಡೆ, ಪಂದ್ಯಕ್ಕೆ ಹೋದ ಪಾಳಿ ಎಂದರೆ ಕೂಲಿಯಿಲ್ಲದ ಪಾಳಿ.

ನಮ್ಮ ಹಳೆಯ ವಿದ್ಯಾರ್ಥಿಯೊಬ್ಬ ಹೀಗೆಯೇ ರಾತ್ರಿ ಪಾಳಿ ಮುಗಿಸಿ ಹಗಲು ಪಂದ್ಯ ಆಡುತ್ತಿದ್ದ. ನಿದ್ದೆಯಿಲ್ಲದ ಮೈಯಲ್ಲಿ ಒಂದು ದಿನ ಮೊಣಕಾಲು ತಿರುಚಿತು. ಅಂದಿನ ಲಕೋಟೆ ಅವನ ಕೈಸೇರಿತ್ತು. ಮುಂದಿನ ಆರು ತಿಂಗಳ ಕೂಲಿಯ ಬಗ್ಗೆ ಯಾರೊಡನೆಯೂ ಮಾತಾಗಿರಲಿಲ್ಲ. ಆತ ಮತ್ತೆ ಅಂಗಳಕ್ಕೆ ಇಳಿಯಲಿಲ್ಲ. ಪ್ರತಿಭೆ ಕಳೆದುಹೋಗುವುದೆಂದರೆ ಬೇರೆ ಊರಿಗೆ ಹೋಗುವುದಷ್ಟೇ ಅಲ್ಲ. ಮನೆಯಲ್ಲೇ ಉಳಿದು ಆಟ ಬಿಡುವವರೂ ನಮ್ಮ ಲೆಕ್ಕಕ್ಕೆ ಸೇರಬೇಕು.

ಗಡಹಿಂಗ್ಲಜ: ಸಣ್ಣ ಊರಿನ ದೊಡ್ಡ ಆಟ

ಹಿರಣ್ಯಕೇಶಿ ನದಿಯ ದಡದ ಗಡಹಿಂಗ್ಲಜಕ್ಕೆ ಸಂಕೇಶ್ವರ ಸಮೀಪದ ಊರು. ಸಂತೆಯಲ್ಲಿ ಕನ್ನಡ, ಮರಾಠಿ ಎರಡೂ ಕೇಳುತ್ತವೆ. ತಾಲೂಕು ಕೇಂದ್ರವಾದರೂ ಫುಟ್ಬಾಲಿನಲ್ಲಿ ಇದಕ್ಕೆ ದೊಡ್ಡ ಹೆಸರಿದೆ. ಗಡಹಿಂಗ್ಲಜ ಯುನೈಟೆಡ್ ಸಂಸ್ಥೆ ದೀಪಾವಳಿಯ ಹೊತ್ತಿಗೆ ಎಂ. ಆರ್. ಹೈಸ್ಕೂಲಿನ ಮೈದಾನದಲ್ಲಿ ನಡೆಸುವ ಅಖಿಲ ಭಾರತ ಮಟ್ಟದ ಪಂದ್ಯಾವಳಿಗೆ ದೂರದ ರಾಜ್ಯಗಳ ತಂಡಗಳೂ ಬರುತ್ತವೆ. ಶಾಲೆಯ ಮೈದಾನವೇ ಊರಿನ ಕ್ರೀಡಾಂಗಣವಾಗಿರುವುದರಿಂದ ಮಕ್ಕಳು ದೊಡ್ಡವರ ಆಟವನ್ನು ಹತ್ತಿರದಿಂದ ನೋಡುತ್ತ ಬೆಳೆಯುತ್ತಾರೆ. ಹಣದ ಬಲದಲ್ಲಿ ಸಣ್ಣ ಊರು ದೊಡ್ಡ ಪಟ್ಟಣದೊಡನೆ ಪೈಪೋಟಿ ನಡೆಸಲಾರದು. ಅದರ ಬಲವಿರುವುದು ಶಾಲೆ ಮತ್ತು ಸಂಘಗಳ ಈ ನಂಟಿನಲ್ಲಿ.

ಹೊರಗೆ ಹೋದವರು, ಹಿಂದೆ ಉಳಿದ ಮಂಡಳಗಳು

ಕೊಲ್ಹಾಪುರದ ಅನಿಕೇತ್ ಜಾಧವ್ ಪುಣೆಯ ಸರಕಾರಿ ಕ್ರೀಡಾ ಪ್ರಬೋಧಿನಿಯಲ್ಲಿ ತರಬೇತಿ ಪಡೆದು, 2017ರ ಹದಿನೇಳರ ಒಳಗಿನವರ ವಿಶ್ವಕಪ್ಪಿನಲ್ಲಿ ಭಾರತಕ್ಕಾಗಿ ಆಡಿ, ಮುಂದೆ ಜಮ್ಷೆಡ್‌ಪುರದಂಥ ವೃತ್ತಿಪರ ತಂಡಗಳನ್ನು ಸೇರಿದರು. ಕನ್ನಡ ಗಡಿಗೆ ಅಂಟಿದ ಚಂದಗಡ ತಾಲೂಕಿನ ಹುಂದಳೇವಾಡಿಯ ಸಿದ್ಧಾರ್ಥ ದೇಸಾಯಿ 2019ರ ಪ್ರೊ ಕಬಡ್ಡಿ ಹರಾಜಿನಲ್ಲಿ ತೆಲುಗು ಟೈಟನ್ಸ್ ತಂಡಕ್ಕೆ 1.45 ಕೋಟಿ ರೂಪಾಯಿಗೆ ಆಯ್ಕೆಯಾದರು. ಇವರ ಏಳಿಗೆ ನಮ್ಮ ಹೆಮ್ಮೆ. ಇವರನ್ನು ಊರಲ್ಲೇ ಕಟ್ಟಿಹಾಕಬೇಕಿತ್ತೆಂದು ಯಾರೂ ಹೇಳಲಾರರು. ಹಾಗಾದರೆ ಮಗುವಿಗೆ ಮೊದಲ ಪಾಠ ಹೇಳಿದ ಮಂಡಳಕ್ಕೆ ಏನು ಸಲ್ಲಬೇಕು?

ಫುಟ್ಬಾಲಿನಲ್ಲಿ ಇದಕ್ಕೆ ನಿಯಮವಿದೆ. ಆಟಗಾರ ಅಂತರರಾಷ್ಟ್ರೀಯ ವರ್ಗಾವಣೆಯಾದಾಗ ವರ್ಗಾವಣೆ ಹಣದ ಶೇಕಡಾ 5ರಷ್ಟನ್ನು, 12ರಿಂದ 23ನೆಯ ವಯಸ್ಸಿನವರೆಗೆ ಅವನನ್ನು ತರಬೇತುಗೊಳಿಸಿದ ಸಂಘಗಳಿಗೆ ಹಂಚಬೇಕೆಂದು ಫಿಫಾ ವಿಧಿಸಿದೆ. ಇದಲ್ಲದೆ ತರಬೇತಿ ಪರಿಹಾರವೆಂಬ ಪ್ರತ್ಯೇಕ ವ್ಯವಸ್ಥೆಯೂ ಇದೆ. ಆದರೆ ಹಕ್ಕು ಸಾಬೀತಾಗುವುದು ನೋಂದಣಿಯಿಂದ. ಆಟಗಾರ ಯಾವ ವರ್ಷ ಯಾವ ಸಂಘದಲ್ಲಿದ್ದ ಎಂಬುದು ಅಖಿಲ ಭಾರತ ಫುಟ್ಬಾಲ್ ಮಹಾಸಂಘದ ದಾಖಲೆಯಲ್ಲಿ ಇಲ್ಲದಿದ್ದರೆ, ಮಂಡಳ ಬೆವರು ಸುರಿಸಿದ ವರ್ಷಗಳು ಲೆಕ್ಕಕ್ಕೆ ಬರುವುದಿಲ್ಲ.

ಉಳಿಸಿಕೊಳ್ಳುವ ದಾರಿ

ಹೆಚ್ಚು ಹಣ ಕೊಟ್ಟವರ ಕಡೆಗೆ ಹೋಗುವ ಆಟಗಾರ ಇನ್ನೂ ಹೆಚ್ಚು ಕೊಡುವವರ ಕಡೆಗೂ ಹೋಗುತ್ತಾನೆ. ಆದುದರಿಂದ ಹವ್ಯಾಸಿ ಮಂಡಳಕ್ಕೆ ಲಕೋಟೆ ಬಹುಕಾಲದ ಉಪಾಯವಲ್ಲ. ಬೆಂಗಳೂರಿನಲ್ಲಿ ಒಂದು ಕಾಲಕ್ಕೆ ಎಚ್‌ಎಎಲ್, ಐಟಿಐ ಮುಂತಾದ ಸಾರ್ವಜನಿಕ ಉದ್ಯಮಗಳ ತಂಡಗಳು ಆಟಗಾರರನ್ನು ಉಳಿಸಿಕೊಂಡದ್ದು ನೌಕರಿ ಕೊಟ್ಟು. ನಮ್ಮ ಮಂಡಳಗಳಿಗೆ ಅಷ್ಟು ಶಕ್ತಿಯಿಲ್ಲ. ಆದರೆ ಮುರಿದ ಪಾಳಿಯ ಕೂಲಿ ತುಂಬುವುದು, ಅಪಘಾತ ವಿಮೆ ಮಾಡಿಸುವುದು, ಪರೀಕ್ಷೆಯ ತಿಂಗಳಲ್ಲಿ ಅಭ್ಯಾಸಕ್ಕೆ ರಜೆ ಕೊಡುವುದು, ಸಕ್ಕರೆ ಕಾರ್ಖಾನೆ, ಹಾಲಿನ ಸಂಘ, ಗಿರಣಿಗಳಲ್ಲಿ ಕೆಲಸಕ್ಕೆ ಶಿಫಾರಸು ಮಾಡುವುದು ಅವುಗಳ ಅಳವಿನಲ್ಲಿವೆ. ಇವನ್ನು ಒಂದು ಕಾಗದದ ಮೇಲೆ ಬರೆದುಕೊಡುವ ಮಂಡಳವನ್ನು ಆಟಗಾರ ಸುಲಭವಾಗಿ ಬಿಡುವುದಿಲ್ಲ.

ಮಹಾರಾಷ್ಟ್ರ ಸರಕಾರದ ನೌಕರಿಗಳಲ್ಲಿ ಕ್ರೀಡಾಪಟುಗಳಿಗೆ ಶೇಕಡಾ 5ರ ಮೀಸಲಾತಿ ಇದೆ. ಇದಕ್ಕೆ ಬೇಕಾಗುವುದು ಮಾನ್ಯ ಸಂಘಟನೆಗಳು ನಡೆಸಿದ ಅಧಿಕೃತ ಸ್ಪರ್ಧೆಗಳ ಪ್ರಮಾಣಪತ್ರ. ಪೇಠೆಯ ಕರಂಡಕಗಳು ಎಷ್ಟೇ ಇದ್ದರೂ ಈ ಲೆಕ್ಕಕ್ಕೆ ಸಲ್ಲುವುದಿಲ್ಲ. ಶಾಲಾ ಸ್ಪರ್ಧೆಯ ದಿನವೇ ಮಂಡಳದ ಪಂದ್ಯವಿದ್ದರೆ ಹುಡುಗ ಎಲ್ಲಿ ಆಡಬೇಕೆಂಬುದನ್ನು ಪಾಲಕರು ಈ ಬೆಳಕಿನಲ್ಲಿ ನಿರ್ಧರಿಸಲಿ.

ಪಾಲಕರು ಕೇಳಬೇಕಾದ ಆರು ಪ್ರಶ್ನೆಗಳು

1. ಕೊಡುವ ಹಣ ಖರ್ಚಿನ ಭರ್ತಿಯೋ, ಮುರಿದ ಕೂಲಿಯೋ, ಸಂಭಾವನೆಯೋ? ಅದನ್ನು ಬರೆದುಕೊಡುವಿರಾ?

2. ಪೆಟ್ಟಾದರೆ ಔಷಧದ ಖರ್ಚು ಯಾರದು? ವಿಮೆಯ ಕಾಗದ ಎಲ್ಲಿದೆ?

3. ಮಗುವಿನ ಹೆಸರು ಯಾವ ಸಂಘಟನೆಯಲ್ಲಿ, ಯಾವ ವರ್ಷದಿಂದ ನೋಂದಣಿಯಾಗುತ್ತದೆ? ಮಂಡಳ ಬಿಡಬೇಕೆಂದಾಗ ಒಪ್ಪಿಗೆಪತ್ರ ಸಿಗುತ್ತದೆಯೇ?

4. ಸಹಿ ಯಾರದು? 1872ರ ಭಾರತೀಯ ಕರಾರು ಕಾಯ್ದೆಯಂತೆ 18 ತುಂಬದವರಿಗೆ ಕರಾರು ಮಾಡುವ ಅರ್ಹತೆಯಿಲ್ಲ. ಮಗುವಿನ ಕೈಯಿಂದ ಯಾವ ಕಾಗದಕ್ಕೂ ಸಹಿ ಮಾಡಿಸಬೇಡಿರಿ.

5. ಅಭ್ಯಾಸದ ವೇಳೆ ಶಾಲೆಯ ವೇಳೆಗೆ ಅಡ್ಡ ಬರುತ್ತದೆಯೇ?

6. ವಸತಿ ತರಬೇತಿಗೆ ಕಳಿಸುವುದಾದರೆ ಪಾಠ ಯಾವ ಮಾಧ್ಯಮದಲ್ಲಿ?

ಕೊನೆಯ ಪ್ರಶ್ನೆಯನ್ನು ನಾವು ಒತ್ತಿ ಹೇಳುತ್ತೇವೆ. ಮಹಾರಾಷ್ಟ್ರ ಮಂಡಳಿಯ ಹತ್ತನೆಯ ತರಗತಿಯ ಪರೀಕ್ಷೆಯನ್ನು ಕನ್ನಡ ಮಾಧ್ಯಮದಲ್ಲಿ ಬರೆಯುವ ಅವಕಾಶವಿದೆ. ಎಂಟನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿದ ಮಗು ವಸತಿ ಕೇಂದ್ರಕ್ಕೆ ಹೋಗಿ, ಒಮ್ಮೆಗೇ ಮರಾಠಿಯಲ್ಲಿ ಗಣಿತ, ವಿಜ್ಞಾನ ಓದಬೇಕಾಗಿ ಬಂದರೆ ಮೊದಲ ವರ್ಷ ತತ್ತರಿಸುವುದು ಸಹಜ. ಎರಡು ವರ್ಷಗಳ ನಂತರ ಆಯ್ಕೆಯಿಂದ ಹೊರಬಿದ್ದು ಮರಳಿದರೆ ಆಟವೂ ಇಲ್ಲ, ಓದೂ ಇಲ್ಲ ಎಂಬ ಸ್ಥಿತಿ ಉಂಟಾಗಬಾರದು. ಹೋಗುವ ಮುನ್ನ ಬೇಸಿಗೆಯ ರಜೆಯಲ್ಲಿ ಎರಡೂ ಭಾಷೆಗಳ ಪಠ್ಯವನ್ನು ಜೊತೆಗಿಟ್ಟು ಓದಿಸಿದರೆ ದಾರಿ ಸುಗಮವಾಗುತ್ತದೆ. ಈ ಕೆಲಸದಲ್ಲಿ ನೆರವಾಗುವುದು ಶಿಕ್ಷಕರಾದ ನಮ್ಮ ಹೊಣೆ, ಸಂಕೋಚವಿಲ್ಲದೆ ಕೇಳಿರಿ.

ಮಗು ಆಡಲಿ, ಗೆಲ್ಲಲಿ, ಬೇಕಾದರೆ ಊರು ಬಿಟ್ಟು ದೂರಕ್ಕೂ ಹೋಗಲಿ. ಅದರ ದಾಖಲಾತಿಯ ಕಾಗದ, ವಿಮೆಯ ಕಾಗದ, ಅಂಕಪಟ್ಟಿ ಈ ಮೂರೂ ಮನೆಯ ಪೆಟ್ಟಿಗೆಯಲ್ಲಿ ಇರಲಿ.