ದ್ರಾವಕಗಳ ಅಪಾಯ: ತಡವಾಗಿ ಬಂದ ಅರಿವಿನ ಚರಿತ್ರೆ

ಬೇಗೂರಿನ ನಾಗೇಶ್ವರ ದೇವಾಲಯದಲ್ಲಿ ದೊರೆತ, ಸುಮಾರು ಕ್ರಿ. ಶ. 890ರದೆಂದು ವಿದ್ವಾಂಸರು ಎಣಿಸಿರುವ ವೀರಗಲ್ಲಿನ ಶಾಸನದಲ್ಲಿ ‘ಬೆಂಗಳೂರು’ ಎಂಬ ಹೆಸರು ಕಾಣಬರುವುದು ಇತಿಹಾಸದ ವಿದ್ಯಾರ್ಥಿಗಳೆಲ್ಲರಿಗೂ ತಿಳಿದ ವಿಷಯ. ಗಂಗರ ಕಾಲದ ಆ ಕಲ್ಲು, ನಾಗತ್ತರನ ಕಡೆಯವರು ಬೆಂಗಳೂರಿನ ಕಾಳಗದಲ್ಲಿ ಮಡಿದುದನ್ನು ಹೇಳುತ್ತದೆ. ಸತ್ತವರು ಯಾರು, ಯಾವ ಕಾರಣದಿಂದ ಸತ್ತರು ಎಂಬೆರಡು ಸಂಗತಿಗಳನ್ನು ಅದು ಹನ್ನೊಂದು ಶತಮಾನಗಳ ಕಾಲ ಕಾಪಾಡಿಕೊಟ್ಟಿದೆ. ಅದೇ ಬೇಗೂರಿನ ಆಗ್ನೇಯಕ್ಕೆ ಕೆಲವೇ ಕಿಲೋಮೀಟರುಗಳ ದೂರದಲ್ಲಿ 1970ರ ದಶಕದ ಕೊನೆಯಿಂದ ಎಲೆಕ್ಟ್ರಾನಿಕ್ ಸಿಟಿಯು ರೂಪುಗೊಂಡಿತು. ಹೊಸೂರು ರಸ್ತೆಯಗುಂಟ ಬೊಮ್ಮಸಂದ್ರದವರೆಗೆ ಕೈಗಾರಿಕೆಗಳೂ ಪ್ರಯೋಗಶಾಲೆಗಳೂ ಬೆಳೆದವು. ಇಂಥ ಕಡೆಗಳಲ್ಲಿ ನಿತ್ಯವೂ ಬಳಕೆಯಾಗುವ ವಸ್ತುಗಳು ದ್ರಾವಕಗಳು, ಎಂದರೆ ಬೇರೆ ಪದಾರ್ಥಗಳನ್ನು ತಮ್ಮಲ್ಲಿ ಕರಗಿಸಿಕೊಳ್ಳುವ ದ್ರವಗಳು. ಇವುಗಳ ಹಾನಿಯ ಅರಿವು ಮನುಷ್ಯನಿಗೆ ತಡವಾಗಿ ಬಂದುದೇಕೆ ಎಂಬುದನ್ನು ವಿಚಾರಿಸುವುದು ಈ ಲೇಖನದ ಉದ್ದೇಶ.

ದ್ರಾವಕಗಳ ಅಪಾಯ ಎರಡು ಬಗೆಯದು. ಮೊದಲನೆಯದು ಬೆಂಕಿ ಮತ್ತು ಸ್ಫೋಟ. ಈಥರು ಸುಮಾರು 35 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿಯೇ ಕುದಿಯುತ್ತದೆ. ಅದರ ಆವಿಯು ಗಾಳಿಗಿಂತ ಭಾರವಾದುದರಿಂದ ಮೇಜಿನ ಮೇಲೆ ಹರಿದುಹೋಗಿ ದೂರದ ಉರಿಯಿಂದಲೂ ಹೊತ್ತಿಕೊಳ್ಳಬಲ್ಲುದು. ಗಾಳಿ ಸೋಕಿದ ಈಥರನ್ನು ಬಹುಕಾಲ ಇಟ್ಟರೆ ಅದರಲ್ಲಿ ಪೆರಾಕ್ಸೈಡುಗಳು ಹುಟ್ಟಿ, ಬಟ್ಟಿಯಿಳಿಸುವಾಗ ಸಿಡಿಯುವ ಭಯವುಂಟು. ಇಂಥ ಅವಘಡವು ಎಲ್ಲರ ಕಣ್ಣಿಗೂ ಬೀಳುವುದರಿಂದ ರಸಾಯನಶಾಸ್ತ್ರಜ್ಞರು ಅದರಿಂದ ಬೇಗನೆ ಪಾಠ ಕಲಿತರು.

ಎರಡನೆಯ ಬಗೆ ಮೆಲ್ಲಗೆ ಮೈಗೇರುವ ವಿಷ. ಬೆಂಜೀನನ್ನು ಮೈಕೆಲ್ ಫ್ಯಾರಡೆಯು 1825ರಲ್ಲಿ ಬೇರ್ಪಡಿಸಿದನು. ಸ್ವೀಡನ್ನಿನ ಟೈರು ಕಾರ್ಖಾನೆಯಲ್ಲಿ ದುಡಿಯುತ್ತಿದ್ದ ಸ್ತ್ರೀಯರಿಗೆ ಅದರಿಂದ ಮಾರಕ ರಕ್ತರೋಗವುಂಟಾದುದು ವರದಿಯಾದದ್ದು 1897ರಲ್ಲಿ; ರಕ್ತದ ಕ್ಯಾನ್ಸರಿನೊಡನೆ ಅದರ ಸಂಬಂಧವನ್ನು ವೈದ್ಯರು ಗುರುತಿಸಿದ್ದು 1928ರಲ್ಲಿ. ಈ ನಡುವೆ ಒಂದು ಶತಮಾನವೇ ಸಂದಿತು. ಬೆಂಜೀನಿಗೆ ಬದಲಾಗಿ ಬಂದ ವಸ್ತುಗಳೂ ನಿರಪಾಯಕರವಾಗಿರಲಿಲ್ಲ. 1960ರ ದಶಕದಲ್ಲಿ ಜಪಾನಿನಲ್ಲಿ ಪಾದರಕ್ಷೆ ತಯಾರಿಸುವವರು ಬಳಸಿದ ಅಂಟಿನಲ್ಲಿದ್ದ ಹೆಕ್ಸೇನಿನಿಂದ ಅವರ ಕೈಕಾಲುಗಳ ನರಗಳು ದುರ್ಬಲಗೊಂಡವು. ಹಿಂದೆ ಬೆಂಕಿಯಾರಿಸಲು ಬಳಸುತ್ತಿದ್ದ ಕಾರ್ಬನ್ ಟೆಟ್ರಾಕ್ಲೋರೈಡು ಯಕೃತ್ತನ್ನು ಕೆಡಿಸುವ ವಿಷವೆಂದು ತಿಳಿದುಬಂದಿತು.

ಈ ವಿಷವು ಪ್ರಯೋಗಶಾಲೆಯ ಗೋಡೆಯೊಳಗೇ ನಿಲ್ಲುವುದಿಲ್ಲ. ಅಮೆರಿಕದ ಸ್ಯಾನ್ ಹೋಸೆಯಲ್ಲಿ 1981ರಲ್ಲಿ ಸೆಮಿಕಂಡಕ್ಟರ್ ಕಾರ್ಖಾನೆಯೊಂದರ ನೆಲದಡಿಯ ತೊಟ್ಟಿಯಿಂದ ಸೋರಿದ ದ್ರಾವಕವು ಕುಡಿಯುವ ನೀರಿನ ಬಾವಿಯನ್ನು ಸೇರಿದುದು ಪತ್ತೆಯಾಯಿತು. ಹೊಗೆಕೊಳವೆಯಿಲ್ಲದ ಕಾರಣ ನಿರ್ಮಲವೆಂದು ಹೆಸರಾಗಿದ್ದ ಉದ್ಯಮವದು. ಕ್ಲೋರಿನ್ ಕೂಡಿದ ದ್ರಾವಕಗಳಲ್ಲಿ ಬಹುಪಾಲು ನೀರಿಗಿಂತ ಭಾರವಾಗಿದ್ದು, ಅಂತರ್ಜಲದ ಆಳಕ್ಕೆ ಇಳಿಯುತ್ತವೆ. ಬೇಗೂರಿನ ಸೀಮೆಯಲ್ಲಿಯೂ ಹಾಗೆಯೇ ಆಗಿದೆಯೆಂದು ಈ ನಿದರ್ಶನದಿಂದ ಹೇಳಲಾಗದು. ಆದರೆ ಕೊಳವೆಬಾವಿಗಳನ್ನು ನಂಬಿರುವ ಈ ಸೀಮೆಯು ಇದನ್ನು ಮರೆಯುವಂತಿಲ್ಲ.

ನಮ್ಮ ದೇಶದಲ್ಲಿ 1984ರ ಭೋಪಾಲ್ ದುರಂತವು ಶಾಸನಕರ್ತರನ್ನು ಎಚ್ಚರಿಸಿತು. ಕಾರ್ಖಾನೆಗಳ ಕಾಯಿದೆಗೆ 1987ರಲ್ಲಿ ಆದ ತಿದ್ದುಪಡಿಯು, ಅಪಾಯಕರ ವಸ್ತುಗಳೊಡನೆ ದುಡಿಯುವವರ ಆರೋಗ್ಯದ ದಾಖಲೆಗಳನ್ನು ಇಡಬೇಕೆಂದೂ ಅವು ಕೆಲಸಗಾರರಿಗೆ ದೊರೆಯಬೇಕೆಂದೂ ವಿಧಿಸಿತು. 1989ರಲ್ಲಿ ಅಪಾಯಕರ ತ್ಯಾಜ್ಯದ ನಿಯಮಗಳು ಬಂದವು. 2016ರಲ್ಲಿ ಹೊಸ ನಿಯಮಗಳು ರಚಿತವಾದವು. ಆದರೆ ಆ ತಿದ್ದುಪಡಿಯು ಕಾರ್ಖಾನೆಗಳನ್ನು ಕುರಿತದ್ದು. ಕಾಲೇಜಿನಲ್ಲಿ ಮೂವತ್ತು ವರ್ಷ ಗಾಜಿನ ಪಾತ್ರೆಗಳನ್ನು ತೊಳೆದ ಅಟೆಂಡರಿಗೆ ನಿವೃತ್ತಿಯ ನಂತರ ರೋಗ ತಗುಲಿದರೆ, ಆತನು ಯಾವ ಆವಿಯನ್ನು ಎಷ್ಟು ಕಾಲ ಸೇವಿಸಿದನೆಂದು ಹೇಳುವ ಕಾಗದವೆಲ್ಲಿದೆ?

ತಡವಾದ ಅರಿವಿಗೆ ಮುಖ್ಯ ಕಾರಣ ಇಲ್ಲಿಯೇ ಇದೆ. ಕಾರಣಕ್ಕೂ ಕಾರ್ಯಕ್ಕೂ ನಡುವೆ ಹತ್ತಾರು ವರ್ಷಗಳ ಅಂತರವಿರುವಾಗ, ದಾಖಲೆಯೊಂದೇ ಅವೆರಡನ್ನೂ ಕೂಡಿಸಬಲ್ಲುದು. ಸೀಸೆಯ ಮೇಲೆ ಅದನ್ನು ತೆರೆದ ದಿನಾಂಕವನ್ನು ಬರೆಯುವುದು, ಯಾರು ಯಾವ ದ್ರಾವಕವನ್ನು ಎಷ್ಟು ಬಳಸಿದರೆಂದು ಪುಸ್ತಕದಲ್ಲಿ ಗುರುತಿಸುವುದು, ಉಳಿದುದನ್ನು ತೊಟ್ಟಿಗೆ ಸುರಿಯದೆ ಕ್ಲೋರಿನ್ ಉಳ್ಳದ್ದು, ಇಲ್ಲದ್ದು ಎಂದು ಬೇರ್ಪಡಿಸಿ ಲೆಕ್ಕವಿಡುವುದು — ಇವು ಗುಮಾಸ್ತನ ಕೆಲಸವೆಂದು ತೋರಬಹುದು. ಚರಿತ್ರೆಯ ದೃಷ್ಟಿಯಿಂದಾದರೋ ಇವು ಪ್ರಾಣರಕ್ಷಣೆಯ ಸಾಧನಗಳು. ಕಾಳಗದಲ್ಲಿ ಮಡಿದವರಿಗೆ ಬೇಗೂರಿನ ಜನ ಕಲ್ಲು ನಿಲ್ಲಿಸಿದರು. ಪ್ರಯೋಗಶಾಲೆಯಲ್ಲಿ ದುಡಿಯುವವರಿಗಾಗಿ ಅವರು ಬದುಕಿರುವಾಗಲೇ ಒಂದು ಪುಸ್ತಕವನ್ನು ಇಡುವುದು ನಮ್ಮಿಂದ ಆಗದ ಕಾರ್ಯವೇನೂ ಅಲ್ಲ.